ನೋವಿನ ಹೊತ್ತಿಗೆ ಜೊತೆ ಬೇಡವೇ?

ಹೆರಿಗೆ ನೋವಿನ ಹೊತ್ತಿನಲ್ಲಿ ತಾಯಿಯ ಜೊತೆಗಿದ್ದು ನೆರವಾಗುವವಳು ಡೂಲಾ. ಇಲ್ಲಿ ಅಮೆರಿಕದಲ್ಲಿ ನಾನು ಮಾಡುವ ಈ ಕೆಲಸದ ಬಗ್ಗೆ ಊರಿನವರು ಫೋನಿನಲ್ಲಿ ಕೇಳುವುದು ಒಂದೇ: "ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ. ಪಕ್ಕದಲ್ಲಿ ಕೂತ್ಕೊಳ್ಳೋಕೂ ದುಡ್ಡು ಕೊಡ್ತಾರಾ?" ಈ ಮಾತು ಚುಚ್ಚುತ್ತದೆ.

ಕೂರಲು ಪುರುಸೊತ್ತೆಲ್ಲಿ? ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನೆಲುಬಿನ ಕಡೆಗಿದ್ದರೆ ನೋವೆಲ್ಲ ಸೊಂಟಕ್ಕೇ ಬಂದು ಕೂರುತ್ತದೆ. ಆಗ ಸೊಂಟದ ಕೆಳಗಿನ ತ್ರಿಕೋನದ ಮೂಳೆಗೆ ಅಂಗೈಯ ಬುಡ ಕೊಟ್ಟು, ನೋವು ಏರಿ ಇಳಿಯುವವರೆಗೆ, ಸುಮಾರು ಒಂದು ನಿಮಿಷ, ಬಿಡದೆ ಒತ್ತಿ ಹಿಡಿಯಬೇಕು. ಉಜ್ಜಿದರೆ ಚರ್ಮ ಉರಿಯುತ್ತದೆ. ಮೂಳೆ ಬಿಟ್ಟು ಮೇಲೆ ಒತ್ತಿದರೆ ಉಪಯೋಗವಿಲ್ಲ. ತೋಳಿನ ಬಲ ನೆಚ್ಚಿದರೆ ಬೇಗ ಸೋಲುತ್ತೀರಿ, ಮೈಭಾರವನ್ನೇ ಹಾಕಬೇಕು. ಗಂಟೆ, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸಬೇಕು. ಮೂತ್ರಕೋಶ ತುಂಬಿದ್ದರೆ ಮಗುವಿನ ತಲೆ ಇಳಿಯುವುದು ಕಷ್ಟ. ಎಪಿಡ್ಯೂರಲ್, ಅಂದರೆ ನೋವು ತಗ್ಗಿಸಲು ಬೆನ್ನಿಗೆ ಹಾಕುವ ಮದ್ದು, ಕೊಟ್ಟಿದ್ದರೆ ಮಂಡಿಗಳ ನಡುವೆ ಕಡಲೆಕಾಯಿ ಆಕಾರದ ಚೆಂಡಿಟ್ಟು, ನರ್ಸ್ ಜೊತೆ ಸೇರಿ ಆಗಾಗ ಮಗ್ಗುಲು ಬದಲಿಸಬೇಕು. ಒಳಪರೀಕ್ಷೆ, ಔಷಧಿ, ಮಗುವಿನ ಎದೆಬಡಿತ ನಮ್ಮ ಕೆಲಸವಲ್ಲ. ಆ ಗೆರೆ ದಾಟಿದರೆ ಆಸ್ಪತ್ರೆಯವರ ನಂಬಿಕೆ ಹೋಗುತ್ತದೆ.

ಈ ಕೆಲಸಕ್ಕೆ ಇಳಿಯುವವರು ಇನ್ನೊಂದು ತಿಳಿದಿರಲಿ: 38ನೇ ವಾರದಿಂದ ಹೆರಿಗೆಯವರೆಗೆ ಫೋನ್ ಆರಿಸುವಂತಿಲ್ಲ, ಊರು ಬಿಡುವಂತಿಲ್ಲ. ಒಂದೇ ರಾತ್ರಿ ಇಬ್ಬರಿಗೆ ನೋವು ಬಂದರೆ ಹೋಗಲು ಬದಲಿ ಡೂಲಾ ಮೊದಲೇ ಗೊತ್ತಾಗಿರಬೇಕು.

ಕ್ಯಾಲಿಫೋರ್ನಿಯಾದಲ್ಲಿ ಬಡವರ ಸರ್ಕಾರಿ ವಿಮೆ ಮೆಡಿ-ಕ್ಯಾಲ್ 2023ರ ಜನವರಿಯಿಂದ ಇದಕ್ಕೆ ಹಣ ಕೊಡುತ್ತಿದೆ. ನಮ್ಮಲ್ಲಿ ಸೀಮಂತಕ್ಕೆ ಊರೆಲ್ಲ ಸೇರುತ್ತದೆ. ನೋವು ಶುರುವಾದ ಮೇಲೆ ಚೊಚ್ಚಲ ಹುಡುಗಿ ಲೇಬರ್ ವಾರ್ಡಿನೊಳಗೆ ಒಬ್ಬಳೇ, ಅಮ್ಮ ಫ್ಲಾಸ್ಕ್ ಹಿಡಿದು ವರಾಂಡದಲ್ಲಿ. ಕಿರುಚಿದರೆ ಬೈಗುಳ ಬೇರೆ. ಬೆಂಗಳೂರಿನ ಕೆಲವು ದುಬಾರಿ ಆಸ್ಪತ್ರೆಗಳ ಮಾತು ಬಿಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಜೊತೆಗಾತಿಯನ್ನು ಒಳಗೆ ಬಿಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅಂಥ ಅನುಭವದ ಕೈಗಳಿಗೆ ವಾರ್ಡಿನಲ್ಲಿ ಒಂದು ಸ್ಟೂಲ್ ಹಾಕಿಕೊಡಲು ಏನು ಅಡ್ಡಿ?

ಅಡ್ಡಿ ಇದೆ, ಒಪ್ಪುತ್ತೇನೆ. ಪರದೆಯಿಲ್ಲದೆ ಸಾಲಾಗಿ ಮಂಚ ಹಾಕಿದ ಕೋಣೆಗೆ ಒಬ್ಬೊಬ್ಬರ ಜೊತೆ ಒಬ್ಬೊಬ್ಬರು ಬಂದರೆ ಪಕ್ಕದವಳ ಮಾನದ ಗತಿ? ಮೊದಲು ಪರದೆ ಬೇಕು. ಇನ್ನು ಇಲ್ಲಿ ಅಮೆರಿಕದ ಕೊರತೆಯನ್ನೂ ಹೇಳಿಬಿಡಬೇಕು. ಸಹಜ ಹೆರಿಗೆಯಾದರೆ ಒಂದೆರಡು ದಿನಕ್ಕೇ ಮನೆಗೆ ಕಳಿಸುತ್ತಾರೆ. ಆಮೇಲೆ ಎಣ್ಣೆನೀರಿಲ್ಲ, ಮೆಣಸಿನ ಸಾರಿಲ್ಲ, ರಾತ್ರಿ ಮಗು ಎತ್ತಿಕೊಳ್ಳಲು ಇನ್ನೊಂದು ಕೈಯಿಲ್ಲ. ತವರಿನ ಮೂರು ತಿಂಗಳ ಬಾಣಂತನದ ಕೆಲಸವನ್ನು ಡೂಲಾಳ ನಾಲ್ಕಾರು ಭೇಟಿ ಮಾಡಲಾರದು.