ಮುತ್ತಿಯನ್ನು ಮನೆಯಲ್ಲೇ ಕಳಿಸಿಕೊಟ್ಟೆವು

ಹೋದ ತಿಂಗಳು ನಮ್ಮ ನಾಯಿ ಮುತ್ತಿಯನ್ನು ಡಾಕ್ಟರ್ ಕೈಯಲ್ಲಿ ಇಂಜೆಕ್ಷನ್ ಕೊಡಿಸಿ ಕಳಿಸಿಕೊಟ್ಟೆವು. ಮುಂಬೈ ಕಾಂದಿವಲಿಯ ಮೂರನೇ ಮಹಡಿಯ ಮನೆಯಲ್ಲಿ, ಬಾಲ್ಕನಿ ಪಕ್ಕ, ಅವಳು ದಿನಾ ಮಲಗುತ್ತಿದ್ದ ಕೌದಿಯ ಮೇಲೆ. ಆ ಕೌದಿ ಅವ್ವ ಹೊಲಿದು ಕೊಟ್ಟಿದ್ದು. ಮುತ್ತಿ ಸ್ಟೇಷನ್ ಹತ್ತಿರ ಮಳೆಯಲ್ಲಿ ಸಿಕ್ಕ ಬೀದಿನಾಯಿ ಮರಿ. ನಮ್ಮ ಜೊತೆ 13 ವರ್ಷ ಇದ್ದಳು.

ಎರಡೂ ಕಿಡ್ನಿ ಕೈಕೊಟ್ಟಿದ್ದವು. ಎರಡು ತಿಂಗಳು ಚರ್ಮದ ಕೆಳಗೆ ಸಲೈನ್ ಹಾಕಿಸಿದೆವು. ಕೊನೆಯ ವಾರ ನೀರು ಕುಡಿದರೂ ವಾಂತಿ. ಎದ್ದು ನಿಂತರೆ ಹಿಂಗಾಲು ನಡುಗೋದು. ಡಾಕ್ಟರ್ ಒಂದು ಪಟ್ಟಿ ಕೊಟ್ಟರು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೊಸ್ ಮಾಡಿದ್ದಂತೆ. ನೋವು, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೊನೆಗೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇವೆಯಾ ಅನ್ನೋದು. ಒಂದೊಂದಕ್ಕೂ 10 ಅಂಕ. ಒಟ್ಟು 35 ದಾಟಿದರೆ ಇನ್ನೂ ಸ್ವಲ್ಪ ದಿನ ನೋಡಬಹುದು. ನಾನೂ ನನ್ನ ಹೆಂಡತಿಯೂ ಬೇರೆ ಬೇರೆ ಕೂತು ಬರೆದೆವು. ನನ್ನದು 19 ಬಂತು, ಅವಳದು 16.

'ತಿಲಾ ಖೂಪ್ ತ್ರಾಸ್ ಹೋತೋಯ್' ಅಂದರು ಡಾಕ್ಟರ್, ಮರಾಠಿಯಲ್ಲಿ. ಅವಳಿಗೆ ತುಂಬಾ ತ್ರಾಸ ಆಗ್ತಿದೆ ಅಂತ. ನಮ್ಮ ರಾಣೆಬೆನ್ನೂರು ಕಡೆಯೂ ತ್ರಾಸ ಅಂದರೆ ತ್ರಾಸವೇ.

ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿದೆ. 'ಜೀವಾ ಕೊಟ್ಟಾಂವ ತಗೋತಾನ. ನಾವ್ಯಾರೋ ತಮ್ಮಾ, ತಗಿಯಾಕ?' ಅಂದಳು. ಊರಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಅದರ ಹಿಂದೆ ದೇವರ ಮೇಲಿನ ಭಯಭಕ್ತಿ ಇದೆ, ಗೊತ್ತು. ಆದರೂ ನಾನು ಒಪ್ಪಲ್ಲ. ಯಾಕಂದರೆ ನಾನು ಕರಿಯನನ್ನು ನೋಡಿದ್ದೇನೆ.

ಕರಿಯ ನಾನು ಸಣ್ಣವನಿದ್ದಾಗ ನಮ್ಮನೇಲಿದ್ದ ನಾಯಿ. ಟ್ರ್ಯಾಕ್ಟರ್ ಗಾಲಿ ಸೊಂಟದ ಮೇಲೆ ಹಾದುಹೋಗಿತ್ತು. ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿದರು. ಅಪ್ಪ ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿದರು. ಗಾಯದಲ್ಲಿ ಹುಳ ಬಿದ್ದವು. ಅವ್ವ ಹೊತ್ತು ಹೊತ್ತಿಗೆ ಚಮಚದಲ್ಲಿ ನೀರು ಬಿಡುತ್ತಿದ್ದಳು. ಅದು ಅರ್ಧ ಹೊರಗೇ ಹರಿಯೋದು. ರಾತ್ರಿ ಅದು ನರಳೋದು ಕೇಳಬಾರದು ಅಂತ ನಾನು ಕಿವಿ ಮುಚ್ಚಿಕೊಂಡು ಮಲಗುತ್ತಿದ್ದೆ. ಎಷ್ಟು ದಿನ ಹಾಗೆ ನಡೀತು ಅನ್ನೋದು ನನಗೆ ನೆನಪಿಲ್ಲ.

ನಾಯಿ ಅಂದರೆ ನಮ್ಮವರಿಗೆ ಅಷ್ಟಕ್ಕಷ್ಟೇ ಅಂತ ಇಲ್ಲಿ ಯಾರಾದರೂ ಅಂದರೆ ನಾನು ಆತಕೂರಿನ ಕಲ್ಲಿನ ಕತೆ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಊರು. ಸುಮಾರು ಕ್ರಿ.ಶ. 950ರ ಹೊತ್ತಿನ ಶಾಸನ. ಯುದ್ಧದಲ್ಲಿ ಗೆದ್ದ ಮಣಲೆರ ಅನ್ನೋ ವೀರ ಬಹುಮಾನವಾಗಿ ಗಂಗರ ರಾಜ ಬೂತುಗನಿಂದ ಕಾಳಿ ಅನ್ನೋ ಬೇಟೆನಾಯಿಯನ್ನೇ ಕೇಳಿ ಪಡೆದ. ಕಾಳಿ ಹಂದಿಯೊಂದಿಗೆ ಕಾದು ಸತ್ತಿತು, ಹಂದಿಯೂ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅಂಥ ನಾಡಿನಲ್ಲಿ ಕರಿಯ ಹಾಗೆ ಹುಳ ಬಿದ್ದು ಸತ್ತಿದ್ದು ನನಗೆ ಇವತ್ತಿಗೂ ಸಂಕಟ.

ಮುತ್ತಿಯ ದಿನ ಡಾಕ್ಟರ್ ಬೆಳಗ್ಗೆ ಹತ್ತಕ್ಕೆ ಬಂದರು. ಅದಕ್ಕೂ ಮೊದಲು ಹೆಂಡತಿ ದೋಸೆ ಹೊಯ್ದಿದ್ದಳು. ಗರಿಗರಿ ಅಂಚು ಮೊದಲಿಂದ ಮುತ್ತಿಯದೇ ಪಾಲು. ಮೂಸಿದಳು, ಒಂದು ಸಲ ನೆಕ್ಕಿದಳು, ಅಷ್ಟೇ. ಡಾಕ್ಟರ್ ಚಪ್ಪಲಿ ಬಿಟ್ಟು ನೆಲದ ಮೇಲೇ ಕೂತರು. ಏನೇನಾಗುತ್ತೆ ಅಂತ ಮೊದಲೇ ಹೇಳಿದರು. ಕಣ್ಣು ತೆರೆದೇ ಇರುತ್ತೆ, ಉಚ್ಚೆ ಹೋಗಬಹುದು, ಜೀವ ಹೋದ ಮೇಲೂ ಒಂದೆರಡು ಸಲ ಉಸಿರು ಎಳೆದ ಹಾಗೆ ಕಾಣಬಹುದು, ಗಾಬರಿಯಾಗಬೇಡಿ ಅಂದರು. ಮೊದಲು ನಿದ್ದೆಯ ಇಂಜೆಕ್ಷನ್. ಹತ್ತು ನಿಮಿಷದಲ್ಲಿ ಗೊರಕೆ ಶುರುವಾಯಿತು. ಎಷ್ಟೋ ದಿನದ ಮೇಲೆ ಹಾಗೆ ಮಲಗಿದ್ದಳು. ಆಮೇಲೆ ಮುಂಗಾಲಿನ ಕೂದಲು ಒಂದಿಂಚು ಬೋಳಿಸಿ ನರಕ್ಕೆ ಸೂಜಿ ಹಾಕಿದರು. ಅರಿವಳಿಕೆ ಔಷಧವೇ, ಪ್ರಮಾಣ ಮಾತ್ರ ಜಾಸ್ತಿ. ಮೊದಲು ಮೆದುಳು, ಆಮೇಲೆ ಉಸಿರು, ಆಮೇಲೆ ಎದೆಬಡಿತ. ನನ್ನ ಅಂಗೈ ಅವಳ ಕಿವಿಯ ಹಿಂದೆ ಇತ್ತು. ಸ್ಟೆತೊಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿ ಡಾಕ್ಟರ್ ತಲೆ ಆಡಿಸಿದರು.

ಮುಂಬೈಯಲ್ಲಿ ಇಲ್ಲದ್ದೂ ಒಂದಿದೆ. ಕರಿಯ ಸತ್ತಾಗ ಹಿತ್ತಲ ಬೇವಿನ ಗಿಡದ ಬುಡಕ್ಕೆ ಕುಣಿ ತೋಡಿ, ಉಪ್ಪು ಹಾಕಿ ಮಣ್ಣು ಮಾಡಿದರು. ಓಣಿಯವರು ಬಂದು ನಿಂತಿದ್ದರು. ಇಲ್ಲಿ ಮಣ್ಣು ಎಲ್ಲಿದೆ? ಪಾಲಿಕೆಯವರು 2023ರಲ್ಲಿ ಮಲಾಡಿನಲ್ಲಿ ಪ್ರಾಣಿಗಳಿಗೆ ಗ್ಯಾಸಿನ ಚಿತಾಗಾರ ಶುರು ಮಾಡಿದ್ದಾರೆ. ಕೌದಿಯಲ್ಲಿ ಸುತ್ತಿ ಅಲ್ಲಿಗೆ ಒಯ್ದೆವು. ಲಿಫ್ಟಿನಲ್ಲಿ ಸಿಕ್ಕವರು ಕೌದಿ ನೋಡಿ ಮುಖ ಆ ಕಡೆ ತಿರುಗಿಸಿದರು. ಊರಾಗಿದ್ದರೆ ಯಾರಾದರೂ ಒಂದು ಕಡೆ ಹಿಡಿಯುತ್ತಿದ್ದರು.

ಆದರೆ ನಮ್ಮೂರಿಗೂ ಡಾಕ್ಟರ್ ಬರುತ್ತಾರಲ್ವಾ? ಆಕಳು ಈಯಲಾರದೆ ಒದ್ದಾಡಿದರೆ ತಾಲೂಕಿನ ಪಶು ಆಸ್ಪತ್ರೆಯವರು ನಡುರಾತ್ರಿ ಬೈಕ್ ಹತ್ತಿ ಬಂದದ್ದನ್ನು ನಾನೇ ನೋಡಿದ್ದೇನೆ. ಹುಟ್ಟಿಸಲು ಕೊಟ್ಟಿಗೆಗೆ ಬರುವವರು ಇದಕ್ಕೂ ಬರಬಹುದು. ನಾವು ಕರೆಯಬೇಕು. ಕರೆದವನನ್ನು ಪಾಪಿ ಅನ್ನಬಾರದು. ಗುಣವಾಗುವ ಪ್ರಾಣಿಗೆ ಇದು ಬೇಡವೇ ಬೇಡ, ಸಾಕಲು ಬೇಜಾರು ಅಂತ ಮಾಡುವುದಂತೂ ತಪ್ಪೇ. ನಾನು ಹೇಳುತ್ತಿರುವುದು ಕರಿಯನಂಥ ಜೀವಗಳ ಬಗ್ಗೆ.

ಮಲಾಡಿನಿಂದ ಬಂದು ಅವ್ವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ, ದೋಸೆಯಿಂದ ಹಿಡಿದು. ನಡುವೆ ಮಾತಾಡಲಿಲ್ಲ. ಕೊನೆಗೆ, 'ಎಷ್ಟೊತ್ತಾತು?' ಅಂತ ಕೇಳಿದಳು.

'ಅರ್ಧ ತಾಸೂ ಆಗಲಿಲ್ಲವ್ವ.'

ಸುಮ್ಮನಾದಳು. ಫೋನ್ ಇಟ್ಟಳೇನೋ ಅಂದುಕೊಂಡೆ.

'ಕರಿಯಾಗ ಒಂಬತ್ತು ದಿನ ಹಿಡೀತು' ಅಂದಳು.