ಗೌರವಧನಕ್ಕಿಂತ ಮೊದಲು ಗಂಟೆಯ ಮಾತಾಡಿ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಧರಣಿ ಅಂದರೆ ಎರಡೇ ಘೋಷಣೆ: ಕಾಯಂ ಮಾಡಿ, ಗೌರವಧನ ಹೆಚ್ಚಿಸಿ. ಎರಡೂ ನ್ಯಾಯವೇ. ಆದರೆ ಮಾತುಕತೆಯಲ್ಲಿ ಸಂಘಟನೆಗಳು ಸೋಲುತ್ತಿರುವುದು ಈ ಎರಡರ ನಡುವೆ ಸದ್ದಿಲ್ಲದೆ ಕೂತಿರುವ ಮೂರನೆಯ ವಿಷಯದಲ್ಲಿ, ಅಂದರೆ ಕಾರ್ಯಭಾರದಲ್ಲಿ (ಒಬ್ಬರು ವಾರಕ್ಕೆ ಮಾಡಬೇಕಾದ ಪಾಠದ ಗಂಟೆಗಳಲ್ಲಿ).

2022ರ ಜನವರಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಅಲ್ಲಿಯವರೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಅರ್ಹತೆ ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000 ರೂಪಾಯಿ ಇತ್ತು. ಡಿಸೆಂಬರಿನಿಂದ ತರಗತಿ ಬಹಿಷ್ಕರಿಸಿದ ಮೇಲೆ ಅದು ಅರ್ಹತೆ, ಸೇವಾವಧಿ ನೋಡಿಕೊಂಡು 26,000ದಿಂದ 32,000ಕ್ಕೆ ಏರಿತು. ಪತ್ರಿಕೆಗಳಲ್ಲಿ ‘ದುಪ್ಪಟ್ಟು’ ಅಂತ ಬಂತು. ಅದೇ ಉಸಿರಿನಲ್ಲಿ ವಾರದ ಕಾರ್ಯಭಾರ ಎಂಟು ಹತ್ತು ಗಂಟೆಯಿಂದ 15ಕ್ಕೆ ಹೋಯಿತು. ಒಂದು ವಿಭಾಗದಲ್ಲಿ ಅತಿಥಿಗಳಿಗೆ ಉಳಿಯುವ ಪಾಠ ವಾರಕ್ಕೆ 32 ಗಂಟೆ ಅಂದುಕೊಳ್ಳಿ. ಮೊದಲು ತಲಾ ಎಂಟು ಗಂಟೆಯಂತೆ ನಾಲ್ವರು, ಒಟ್ಟು ಖರ್ಚು 52,000. ಆಮೇಲೆ ತಲಾ ಸುಮಾರು 15 ಗಂಟೆಯಂತೆ ಇಬ್ಬರು, ಖರ್ಚು 64,000. ಸರ್ಕಾರದ ಕೈಯಿಂದ ಹೆಚ್ಚಿಗೆ ಹೋದದ್ದು 12,000. ಮನೆಗೆ ಹೋದವರು ಇಬ್ಬರು. ಉಳಿದವರ ಏರಿಕೆಯ ಬಹುಪಾಲನ್ನು ಕೊಟ್ಟದ್ದು ಖಜಾನೆಯಲ್ಲ, ಹೊರಬಿದ್ದ ಸಹೋದ್ಯೋಗಿಗಳು.

ಯುಜಿಸಿ 2019ರ ಜನವರಿಯಲ್ಲಿ ಅತಿಥಿ ಬೋಧಕರಿಗೆ ಸೂಚಿಸಿದ ದರ ಉಪನ್ಯಾಸವೊಂದಕ್ಕೆ 1,500, ತಿಂಗಳಿಗೆ ಗರಿಷ್ಠ 50,000. ವಾರಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 32 ಪಾಠ ಮಾಡಿದರೇ 48,000 ಆಗುತ್ತದೆ. ನಮ್ಮಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು ಪಾಠಕ್ಕೆ 32,000 ಕೊಟ್ಟರು, ಗಂಟೆಗೆ ಸುಮಾರು 533. ಯುಜಿಸಿಯ ದರ ರಾಜ್ಯವನ್ನು ತಾನಾಗಿಯೇ ಕಟ್ಟಿಹಾಕುವುದಿಲ್ಲ, ಸರ್ಕಾರ ಅದನ್ನು ಅಳವಡಿಸಿಕೊಳ್ಳಬೇಕು. ಆದರೂ ಮಾತುಕತೆಗೆ ಹೋಗುವಾಗ ಜೇಬಿನಲ್ಲಿರಬೇಕಾದ ಲೆಕ್ಕ ಇದು.

ಇದಕ್ಕಿಂತ ಹರಿತವಾದದ್ದು ಇನ್ನೊಂದಿದೆ. ಯುಜಿಸಿಯ 2018ರ ನಿಯಮಾವಳಿಯಂತೆ ಕಾಯಂ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ, ಆರಂಭಿಕ ಮೂಲವೇತನ 57,700. ಎಂಟು ಗಂಟೆಯವರನ್ನು ‘ಅರೆಕಾಲಿಕರು’ ಅಂತ ತಳ್ಳಿಹಾಕಬಹುದಿತ್ತು. ಹದಿನೈದು ಗಂಟೆಯವರನ್ನು ಹಾಗೆನ್ನಲು ಬಾಯಿ ಬರಬಾರದು. ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ 2016ರಲ್ಲೇ ಹೇಳಿದೆ. ಅಂದರೆ ನಮ್ಮ ತಲೆ ಎಣಿಕೆ ಇಳಿಸಿದ 2022ರ ಆ ಆದೇಶವೇ ನಮ್ಮ ಕೈಗೆ ಸಿಕ್ಕಿರುವ ಒಳ್ಳೆಯ ಸಾಕ್ಷಿ. ಅದನ್ನು ಮಡಚಿಟ್ಟು ಘೋಷಣೆ ಕೂಗುತ್ತಿದ್ದೇವೆ.

‘ಕಾಯಂ’ ಎಂಬ ಶಬ್ದದ ಮುಂದೆ ಸುಪ್ರೀಂ ಕೋರ್ಟಿನ ಉಮಾದೇವಿ ತೀರ್ಪಿನ ಗೋಡೆಯಿದೆ. 2006ರ ಏಪ್ರಿಲಿನ ಆ ಪ್ರಕರಣ ಕರ್ನಾಟಕದ್ದೇ. ನೇಮಕಾತಿ ಪ್ರಕ್ರಿಯೆ ದಾಟದೆ ಬಂದವರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎನ್ನುವುದು ಅದರ ಸಾರ. ಪ್ರತಿ ಸಲವೂ ಕಾನೂನು ಇಲಾಖೆ ಅದನ್ನೇ ಎತ್ತಿ ತೋರಿಸುತ್ತದೆ, ಸಭೆ ಅಲ್ಲಿಗೆ ಮುಗಿಯುತ್ತದೆ. ಹರಿಯಾಣ ಬೇರೆ ದಾರಿ ಹಿಡಿಯಿತು: 2024ರಲ್ಲಿ ಅತಿಥಿ ಉಪನ್ಯಾಸಕರ ಸೇವಾ ಭದ್ರತೆಗೆಂದೇ ಕಾನೂನು ಮಾಡಿತು. ಪಶ್ಚಿಮ ಬಂಗಾಳ ಅವರನ್ನು ಬೇರೆಯದೇ ವರ್ಗವಾಗಿಸಿ 60 ವರ್ಷದವರೆಗೆ ಉಳಿಸಿಕೊಂಡಿತು. ಎರಡೂ ಕಡೆ ‘ಕಾಯಂ’ ಎಂಬ ಪದವಿಲ್ಲ, ಕೆಲಸ ಇದೆ.

ನಮ್ಮಲ್ಲಿ 2023ರ ನವೆಂಬರಿನಿಂದ ನಡೆದ ಮುಷ್ಕರ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆಯವರೆಗೂ ಹೋಯಿತು. ಸಿಕ್ಕಿದ ಕೊಡುಗೆಗಳಲ್ಲಿ 60 ತುಂಬಿದವರಿಗೆ 5 ಲಕ್ಷದ ಇಡುಗಂಟೂ ಒಂದು. ವರ್ಷವರ್ಷ ಕಾಲೇಜು ಹಂಚುವ ಕೌನ್ಸೆಲಿಂಗ್‌ನಲ್ಲಿ ಹೆಸರು ಬಂದರಷ್ಟೇ ಕೆಲಸ ಇರುವವನು ಅರವತ್ತರವರೆಗೆ ಆ ಪಟ್ಟಿಯಲ್ಲಿ ಉಳಿಯುವುದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಇನ್ನು ಕಾಗದಪತ್ರ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟಿನ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಮಾನವಾಯಿತು. ಹಾಗಾಗಿ ಕಾರ್ಖಾನೆಯ ಯೂನಿಯನ್ನಿನ ಹಾಗೆ ಒಪ್ಪಂದ ಬರೆಸಿ ಕಾರ್ಮಿಕ ಇಲಾಖೆಯ ಮೂಲಕ ಜಾರಿ ಮಾಡಿಸಿಕೊಳ್ಳುವ ದಾರಿ ನಮಗಿಲ್ಲ. ಇರುವುದು ಸರ್ಕಾರಿ ಆದೇಶ ಒಂದೇ. ಸಚಿವರು ಧರಣಿ ಟೆಂಟಿಗೆ ಬಂದು ‘ತಾತ್ವಿಕವಾಗಿ ಒಪ್ಪಿದ್ದೇವೆ’ ಅಂದರೆ ಅದು ಆದೇಶವಲ್ಲ. ಸಹಿ ಬಿದ್ದ ಸಭಾ ನಡಾವಳಿ ಕೇಳಿ. ಆದೇಶ ಬಂದ ಮೇಲೆ ಮೊತ್ತ ನೋಡುವ ಮೊದಲು ಮೂರು ಕಡೆ ಕಣ್ಣು ಹಾಯಿಸಿ: ಆರ್ಥಿಕ ಇಲಾಖೆಯ ಸಹಮತಿ ಉಲ್ಲೇಖವಾಗಿದೆಯೇ, ಯಾವ ತಾರೀಖಿನಿಂದ ಜಾರಿ, ‘ಕಾರ್ಯಭಾರದ ಲಭ್ಯತೆಗೆ ಒಳಪಟ್ಟು’ ಎಂಬಂಥ ಸಾಲು ಎಲ್ಲಿದೆ. ಕೊಟ್ಟದ್ದೆಲ್ಲ ಆ ಸಾಲಿನಲ್ಲಿ ವಾಪಸ್ ಹೋಗುತ್ತದೆ. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಸಾಕು, ಹದಿನೈದು ವರ್ಷ ಅಲ್ಲೇ ಪಾಠ ಮಾಡಿದವರ ಟೈಮ್‌ಟೇಬಲ್ ಖಾಲಿ.

ಆದ್ದರಿಂದ ಮುಂದಿನ ಮನವಿಯಲ್ಲಿ ಗೌರವಧನದ ಅಂಕಿಗಿಂತ ಮೇಲೆ ಎರಡು ಸಾಲು ಇರಲಿ. ವರ್ಗಾವಣೆಯಿಂದ ಕಾರ್ಯಭಾರ ಕಳೆದುಕೊಂಡವರಿಗೆ ಅದೇ ಜಿಲ್ಲೆಯಲ್ಲಿ ಹೊಸಬರಿಗಿಂತ ಮೊದಲು ಸ್ಥಳ ಕೊಡಬೇಕು. ಗಂಟೆ ಹೆಚ್ಚಿಸುವ ಯಾವುದೇ ಆದೇಶದಿಂದ ಈಗಿರುವ ಒಬ್ಬರೂ ಹೊರಬೀಳಬಾರದು.