ಎಳ್ಕೋಬೇಡ, ಬಿಡು

ಇವತ್ತು ಬೆಳಿಗ್ಗೆ ಡಾಕ್ಟರ ಕೋಣೆಯ ಹೊರಗೆ ನನ್ನ ನಂಬರಿಗೆ ಕಾಯುತ್ತಾ ಕೂತಿದ್ದೆ. ಎದುರು ಸಾಲಿನಲ್ಲಿ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೆರಡು ವಯಸ್ಸಿರಬಹುದು. ಕೂತಲ್ಲೇ ಎದೆ ಹಿಡಿದುಕೊಂಡ. ಭುಜ ಕಿವಿಯ ತನಕ ಏರಿತು. ಬಾಯಿ ತೆರೆದು ಗಾಳಿಯನ್ನು ಕಚ್ಚಿ ತಿನ್ನುವವನ ಹಾಗೆ ಎಳೆಯತೊಡಗಿದ. ಸುತ್ತ ಆರು ಜನ ನೆರೆದರು. ಆರೂ ಜನರ ಬಾಯಲ್ಲಿ ಒಂದೇ ಮಾತು. "ಉಸಿರು ಎಳ್ಕೋ! ಜೋರಾಗಿ ಎಳ್ಕೋ! ಇನ್ನೂ ಎಳ್ಕೋ!"

ನನಗೆ ಮೈಯೆಲ್ಲಾ ಉರಿದುಹೋಯಿತು.

ಅವನು ಮಾಡುತ್ತಿದ್ದದ್ದೇ ಅದನ್ನಲ್ವಾ? ಬೆಳಿಗ್ಗೆಯಿಂದ ಎಳೆದು ಎಳೆದು ಸುಸ್ತಾಗಿದ್ದಾನೆ. ತುಂಬಿದ ಬಸ್ಸಿಗೆ ಜನ ಹತ್ತಿಸುವ ಕಂಡಕ್ಟರನ್ನು ನೋಡಿದ್ದೀರಲ್ಲ, "ಒಳಗೆ ಹೋಗಿ, ಒಳಗೆ ಹೋಗಿ" ಅಂತ, ಥೇಟ್ ಹಾಗೆ. ಮೊದಲು ಇಳಿಯುವವರನ್ನು ಇಳಿಸಿ ಸ್ವಾಮಿ! ಜಾಗ ಆದರೆ ತಾನೇ ಹತ್ತುವುದು?

ನನ್ನ ಮಾತ್ರೆಯ ಪುರಾಣ ಹಳೇ ಪೋಸ್ಟ್ ಓದಿದವರಿಗೆ ಗೊತ್ತೇ ಇದೆ, ಮತ್ತೆ ಕೊರೆಯುವುದಿಲ್ಲ. ಎರಡು ವಾರಕ್ಕೆ ಅಂತ ಶುರುವಾದ ಕ್ಲೋನಜೆಪಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆ ಮೂರು ವರ್ಷ ಜೊತೆಗಿತ್ತು. ಹದಿನಾಲ್ಕು ತಿಂಗಳು ಹಿಡಿದು ಡೋಸ್ ಇಳಿಸಿದೆ. ಪೂರ್ತಿ ನಿಂತು ಇವತ್ತಿಗೆ ಹನ್ನೊಂದು ವಾರ. ನಿದ್ದೆ ಮರಳಿ ಬಂತು, ಕೈನಡುಕ ಹೋಯಿತು, ಕಿವಿಯೊಳಗಿನ ಗುಂಯ್ ಸದ್ದೂ ಕಮ್ಮಿಯಾಗಿದೆ. ಮಾತ್ರೆ ಬಿಡುವಾಗ ಬಂದ ತೊಂದರೆಗಳಲ್ಲಿ ಉಳಿದಿರುವುದು ಇದೊಂದೇ. ಉಸಿರು.

ಹೇಗಿರುತ್ತೆ ಅಂತ ಕೇಳುತ್ತೀರಿ. ಆಕಳಿಕೆ ಬಂದು ಅರ್ಧಕ್ಕೇ ನಿಂತರೆ ಹೇಗಿರುತ್ತದೆ? ಸೀನು ಬಂದಂಗಾಗಿ ಬರದೇ ಹೋದರೆ? ಅದನ್ನೇ ಬೆಳಗಿನಿಂದ ರಾತ್ರಿಯ ತನಕ ಎಳೆಯಿರಿ. ಗಾಳಿ ಒಳಗೆ ಹೋಗುತ್ತದೆ, ಆದರೆ ತಲುಪಬೇಕಾದ ಜಾಗಕ್ಕೆ ತಲುಪುವುದಿಲ್ಲ. ಎದೆಯ ತಳದಲ್ಲಿ ಒಂದು "ಟಕ್" ಆಗಬೇಕು, ಅದು ಆಗುವುದಿಲ್ಲ. ಹತ್ತು ಸಲ ಎಳೆದಾಗ ಒಂದು ಸಲ ಆಗುತ್ತದೆ. ಆ ಒಂದಕ್ಕಾಗಿ ಮತ್ತೆ ಹತ್ತು. ಇದು ಜೂಜಿನ ಹಾಗೆ, ನಿಜವಾಗಿಯೂ.

ನಾಚಿಕೆಯ ವಿಷಯ ಒಂದು ಹೇಳುತ್ತೇನೆ, ನಗಬೇಡಿ. ಡೋಸ್ ಅರ್ಧಕ್ಕೆ ಇಳಿದಿದ್ದ ದಿನಗಳಲ್ಲಿ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಕೊಂಡೆ. ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆ ಅಂತ ಒಂದು ದಿನ ಯಜಮಾನರು ಲೆಕ್ಕ ಇಟ್ಟರು. ನಲವತ್ತೊಂದು ಸಲ. ಬಚ್ಚಲಲ್ಲಿ ಕೂತು ನೋಡಿದ್ದು ಆ ಲೆಕ್ಕಕ್ಕೆ ಸಿಕ್ಕಿಲ್ಲ. ಪ್ರತಿ ಸಲವೂ 98, ಇಲ್ಲವೇ 99. ನಾನು ಸಾಯುತ್ತಿದ್ದೇನೆ ಅಂತ ಮೈ ಹೇಳುತ್ತಿದೆ, ಮೆಷಿನ್ನು ಮಾತ್ರ ಶಾಲೆಯಲ್ಲಿ ಫಸ್ಟ್ ಬಂದ ಮಗುವಿನ ಹಾಗೆ 99 ತೋರಿಸುತ್ತಿದೆ. ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಾ? ಕೊನೆಗೆ ಯಜಮಾನರು ಅದನ್ನು ಎಲ್ಲೋ ಬಚ್ಚಿಟ್ಟರು. ಎಲ್ಲಿ ಅಂತ ಇವತ್ತಿಗೂ ಹೇಳಿಲ್ಲ. ಎರಡು ಸಲ ಹುಡುಕಿದ್ದೇನೆ.

ಆದರೆ ಆ 99 ಸುಳ್ಳಲ್ಲ, ನೋಡಿ. ನಮಗೆ ಕಮ್ಮಿ ಬಿದ್ದಿರುವುದು ಆಮ್ಲಜನಕ ಅಲ್ಲವೇ ಅಲ್ಲ. ಜೋರಾಗಿ, ಮೇಲಿಂದ ಮೇಲೆ ಉಸಿರಾಡಿದರೆ ಮೈಯಿಂದ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಅದು ಬರೀ ಕಸ, ಹೋದರೆ ಹೋಗಲಿ ಅಂತ ನಾನೂ ಅಂದುಕೊಂಡಿದ್ದೆ. ಕಸ ಅಲ್ಲ. ರಕ್ತದಲ್ಲಿ ಅದು 35ರಿಂದ 45 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಇರಬೇಕು. ಅದಕ್ಕಿಂತ ಇಳಿದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ತಿರುಗುತ್ತದೆ. ರಕ್ತದ ಕ್ಷಾರ ಗುಣ ಏರುತ್ತದೆ, ತುಟಿ ಬೆರಳು ಜುಮುಜುಮು ಅನ್ನುತ್ತವೆ. ಇನ್ನೊಂದು ತಮಾಷೆ, ಹಿಮೋಗ್ಲೋಬಿನ್ ತಾನು ಹೊತ್ತ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗಾಳಿ ಜಾಸ್ತಿ ಎಳೆದಷ್ಟೂ ಗಾಳಿ ಸಾಲದು ಅನ್ನಿಸುತ್ತದೆ. ಅನ್ನಿಸಿದ್ದಕ್ಕೆ ಇನ್ನೂ ಎಳೆಯುತ್ತೇವೆ. ಪಕ್ಕದಲ್ಲಿ ನಿಂತವರು "ಇನ್ನೂ ಎಳ್ಕೋ" ಅನ್ನುತ್ತಾರೆ. ಭೇಷ್.

ಮಾತ್ರೆಗೂ ಇದಕ್ಕೂ ಏನು ಸಂಬಂಧ ಅಂತ ಹೋದ ಸಲ ಒಬ್ಬರು ಕೇಳಿದ್ದರು. ಮೆದುಳಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ. "ಸಾಕು, ಸುಮ್ನಿರು" ಅನ್ನುವುದು ಅದರ ಕೆಲಸ. ಕ್ಲೋನಜೆಪಾಮ್, ಅಲ್ಪ್ರಜೋಲಾಮ್, ಡಯಜೆಪಾಮ್, ಈ ಬೆಂಜೊಡಯಜೆಪಿನ್ ಕುಟುಂಬದವೆಲ್ಲ ಗಾಬಾದ ದನಿಯನ್ನು ಜೋರು ಮಾಡುತ್ತವೆ. ತಿಂಗಳುಗಟ್ಟಲೆ ನುಂಗಿದರೆ ಮೆದುಳು ಆ ಜೋರು ದನಿಗೇ ಒಗ್ಗಿಹೋಗುತ್ತದೆ. ಮಾತ್ರೆ ತೆಗೆದಾಗ ಗಾಬಾದ ಮಾಮೂಲಿ ದನಿ ಅದಕ್ಕೆ ಕೇಳಿಸುವುದೇ ಇಲ್ಲ. ಗಾಬಾ ಹೋಗಿ ಗಾಬರಿ. (ಈ ಜೋಕ್ ನನ್ನದೇ. ಡಾಕ್ಟರು ನಗಲಿಲ್ಲ.) ಮೈಯೊಳಗಿನ ಎಚ್ಚರಿಕೆಯ ಗಂಟೆಗಳೆಲ್ಲ ಸುಮ್ಸುಮ್ನೆ ಬಾರಿಸುವ ಕಾಲ ಅದು. ಉಸಿರುಗಟ್ಟುತ್ತಿದೆ ಎಂದು ಕೂಗುವ ಗಂಟೆಯೂ ಅದರಲ್ಲೊಂದು. ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಮೈಮೇಲೆ ಬರುವ ವಿಪರೀತ ಭಯ, ಉಸಿರುಗಟ್ಟುವಿಕೆಯ ಸುಳ್ಳು ಅಲಾರಾಂ ಇರಬಹುದು ಅಂತ ಅಮೆರಿಕದ ಮನೋವೈದ್ಯ ಡೊನಾಲ್ಡ್ ಕ್ಲೈನ್ 1993ರಲ್ಲೇ ಬರೆದಿದ್ದರು. ಅದನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಒಪ್ಪದವರು ಒಂದು ರಾತ್ರಿ ನಮ್ಮನೆಗೆ ಬಂದು ಮಲಗಲಿ.

ಮತ್ತೆ ಇದೇನೂ ಹೊಸ ಮಾತ್ರೆ ಅಲ್ಲ. ಈ ಕುಟುಂಬದ ಮೊದಲನೆಯದು, ಕ್ಲೋರ್‌ಡಯಜೆಪಾಕ್ಸೈಡ್, ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಡಯಜೆಪಾಮ್ 1963ರಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಶ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಇದನ್ನು ಬಿಡಿಸುವುದಕ್ಕೆಂದೇ ಒಂದು ಕ್ಲಿನಿಕ್ ನಡೆಸಿದರು. ಕೂತು ಕೂತು ರೋಗಿಗಳ ಮಾತು ಕೇಳಿಸಿಕೊಂಡ ಪುಣ್ಯಾತ್ಗಿತ್ತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅವಲಂಬನೆ ಮತ್ತು ಬಿಡುವಾಗಿನ ತೊಂದರೆಗಳನ್ನು ಔಷಧದ ಮಾಹಿತಿ ಚೀಟಿಯಲ್ಲಿ ಚೌಕಟ್ಟು ಹಾಕಿ ಕೊಡುವ ಗಂಭೀರ ಎಚ್ಚರಿಕೆಗೆ ಸೇರಿಸಿದ್ದು 2020ರಲ್ಲಿ. ಅರವತ್ತು ವರ್ಷ! ಇಷ್ಟೆಲ್ಲ ಆದರೂ ನನಗೆ ಮೊದಲು ಬರೆದುಕೊಟ್ಟವರು ಹೇಳಿದ್ದು "ಮಲಗೋ ಮುಂಚೆ ಒಂದು" ಅಂತಷ್ಟೇ. ಅವರ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಬೆಳಗಿನ ವಿಷಯಕ್ಕೆ ಬರುತ್ತೇನೆ. ಇಷ್ಟರಲ್ಲಿ ಒಬ್ಬರು ಎಲ್ಲಿಂದಲೋ ಕಾಗದದ ಚೀಲ ತಂದರು. ಇದರೊಳಗೆ ಉಸಿರಾಡು ಅಂತ. ಸಿನಿಮಾ ನೋಡಿ ಕಲಿತದ್ದಿರಬೇಕು. ಅದನ್ನು ಈಗ ಮಾಡಿಸಬಾರದು ಅನ್ನುತ್ತಾರೆ, ಯಾಕೆಂದರೆ ಅದು ನಿಜವಾಗಿ ಆಸ್ತಮಾನೋ ಹೃದಯದ ತೊಂದರೆಯೋ ಆಗಿದ್ದರೆ ಇರುವ ಆಮ್ಲಜನಕವೂ ಕಮ್ಮಿಯಾಗಿ ಜೀವಕ್ಕೇ ಕುತ್ತು. ಪುಣ್ಯಕ್ಕೆ ಅಷ್ಟರಲ್ಲಿ ನರ್ಸ್ ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿದರು. 99. (ನನ್ನ ಹಳೇ ವೈರಿ.) ಹುಡುಗನ ತಾಯಿ "ಎಲ್ಲ ಟೆಸ್ಟೂ ಮಾಡ್ಸಿದೀವಿ ಸಿಸ್ಟರ್, ಹೋದ ವಾರಾನೂ ಹಿಂಗೇ ಆಗಿತ್ತು, ಟೆನ್ಷನ್ ಅಂದ್ರು" ಅಂದರು. ನರ್ಸ್ ಡಾಕ್ಟರಿಗೆ ಹೇಳಲು ಒಳಗೆ ಹೋದರು. ಆರು ಜನ ಮತ್ತೆ ಶುರು ಮಾಡಿದರು. ಎಳ್ಕೋ, ಎಳ್ಕೋ.

ಈ ಪೋಸ್ಟ್ ಬರೆಯುವ ಮುಂಚೆ ಅಣ್ಣನಿಗೆ ಫೋನ್ ಮಾಡಿ ಇದನ್ನೇ ಹೇಳಿಕೊಂಡೆ. ಅವನದು ಯಾವಾಗಲೂ ಎದುರು ವಾದ. "ಲೇ, ದೀರ್ಘವಾಗಿ ಉಸಿರಾಡಿ ಅಂತ ಲೋಕವೇ ಹೇಳುತ್ತೆ. ಎಷ್ಟು ಜನಕ್ಕೆ ಒಳ್ಳೇದಾಗಿದೆ. ನಿನಗೊಬ್ಬಳಿಗೆ ಆಗಲಿಲ್ಲ ಅಂತ ತಪ್ಪಾ?" ಅಂದ. ಸರಿ ಅಣ್ಣ. ಒಪ್ಪಿದೆ. ನಿಮಿಷಕ್ಕೆ ಆರು ಸಲದಷ್ಟು ನಿಧಾನವಾಗಿ ಉಸಿರಾಡಿದರೆ ಮೈ ತಣ್ಣಗಾಗುತ್ತದೆ, ನಿಜ. ಆದರೆ ನಿಧಾನ ಬೇರೆ, ಜೋರು ಬೇರೆ. "ನಿಧಾನವಾಗಿ ಬಿಡು" ಅಂತ ಆ ಆರು ಜನರಲ್ಲಿ ಒಬ್ಬರಾದರೂ ಅಂದರಾ? ಅದಲ್ಲದೆ ಅಣ್ಣನಿಗೆ ಉಸಿರಿನ ಕಷ್ಟ ಅಂದರೆ ಮೆಟ್ಟಿಲು ಹತ್ತಿದಾಗ ಬರುವ ಏದುಸಿರು ಅಷ್ಟೇ ಗೊತ್ತು. ನನಗೆ ಮೆಟ್ಟಿಲು ಹತ್ತುವಾಗ ಏನೂ ಆಗುವುದಿಲ್ಲ! ಸುಮ್ಮನೆ ಕೂತಾಗಲೇ ಬರುವುದು. ಹೃದಯವೋ ಶ್ವಾಸಕೋಶವೋ ಕೆಟ್ಟಿದ್ದರೆ ಸಾಮಾನ್ಯವಾಗಿ ಮೆಟ್ಟಿಲಲ್ಲೇ ಗೊತ್ತಾಗುತ್ತಿತ್ತು ಅಂತ ಡಾಕ್ಟರು ಹೇಳಿದ ದಿನ ನಾನು ಮೂರು ಮಹಡಿ ಸುಮ್ನೆ ಹತ್ತಿ ಇಳಿದಿದ್ದೆ, ಖುಷಿಗೆ. ಅವರೂ ಬರೀ ಮೆಟ್ಟಿಲು ನಂಬಿ ಹೇಳಿದ್ದಲ್ಲ. ಇಸಿಜಿ, ಎಕ್ಸ್‌ರೇ, ರಕ್ತ, ಥೈರಾಯ್ಡ್ ಎಲ್ಲ ನೋಡಿದ ಮೇಲೆ ಹೇಳಿದ್ದು. ನಿಮಗೂ ಮೊದಲ ಸಲ ಹೀಗಾದರೆ ನನ್ನ ಪೋಸ್ಟ್ ಓದುತ್ತಾ ಕೂರಬೇಡಿ, ತೋರಿಸಿಕೊಳ್ಳಿ. ಎದೆನೋವು ಇದ್ದರೆ, ತುಟಿ ನೀಲಿಯಾದರೆ, ಆಕ್ಸಿಮೀಟರ್ ಅಂಕಿ ಇಳಿದರೆ ಒಂದು ನಿಮಿಷವೂ ಕಾಯಬೇಡಿ.

ಹಾಂ, ಇನ್ನೊಂದು ಜಾತಿಯ ಸಲಹೆ ಇದೆ. "ಅಷ್ಟು ಕಷ್ಟ ಆದ್ರೆ ಅರ್ಧ ಮಾತ್ರೆ ನುಂಗ್ಬಿಡು." ಇದಕ್ಕೆ ತದ್ವಿರುದ್ಧ ಇನ್ನೊಂದು, "ಅದೇನು ವಿಷ, ಇವತ್ತೇ ಬಿಸಾಕು." ಎರಡನೆಯದು ಬಹಳ ಅಪಾಯ. ತಿಂಗಳುಗಟ್ಟಲೆ ನುಂಗಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. 2025ರಲ್ಲಿ ಅಮೆರಿಕದ ವೈದ್ಯರ ಸಂಘಗಳು ಸೇರಿ ಮಾಡಿದ ಮಾರ್ಗಸೂಚಿಯಲ್ಲಿ, ಶುರುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಡೋಸಿನ ಶೇ. 5ರಿಂದ 10ರಷ್ಟು ಮಾತ್ರ ಇಳಿಸಿ ನೋಡಿ ಅಂದಿದ್ದಾರೆ. ಅದೂ ಡಾಕ್ಟರ ಕಣ್ಣೆದುರು. ಮೊದಲನೆಯ ಸಲಹೆಗೆ ನಾನೇನೂ ಸತ್ಯಹರಿಶ್ಚಂದ್ರನ ವಂಶದವಳಲ್ಲ. ಕೊನೆಯ ಅರ್ಧ ಮಾತ್ರೆ ಇನ್ನೂ ನನ್ನ ಪರ್ಸಿನಲ್ಲಿದೆ. ನುಂಗಿಲ್ಲ. ಬಿಸಾಕಿಯೂ ಇಲ್ಲ. ಡಾಕ್ಟರಿಗೆ ಇವತ್ತು ಹೇಳಬೇಕು ಅಂತ ಹೋಗಿದ್ದೆ, ಹೇಳಲಿಲ್ಲ. ನಿಮಗೆ ಹೇಳಿದೆ.

ನಮ್ಮ ಭಾಷೆಗೆ ಇದೆಲ್ಲ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಯೋಚನೆ ಮಾಡಿ. ಗಂಡಾಂತರ ಕಳೆದ ಮೇಲೆ ನಾವು ಏನು ಮಾಡುತ್ತೇವೆ? ನಿಟ್ಟುಸಿರು ಬಿಡುತ್ತೇವೆ. ಬಿಡುತ್ತೇವೆ! "ಉಸ್ಸಪ್ಪಾ" ಅಂತ ಹೊರಗೆ ದಬ್ಬುತ್ತೇವೆ. ಎಳೆಯುವವರು ಯಾರು? ಕೊನೆಯುಸಿರು ಎಳೆಯುವವರು. ಪೇಪರಿನ ಶ್ರದ್ಧಾಂಜಲಿ ಕಾಲಂ ನೋಡಿ ಬೇಕಾದರೆ. ಇಷ್ಟು ಸ್ಪಷ್ಟವಾಗಿ ಹೇಳಿಟ್ಟ ಭಾಷೆಯನ್ನು ಮಾತಾಡುವ ಆರು ಜನ, ಕಷ್ಟದಲ್ಲಿರುವ ಹುಡುಗನಿಗೆ ಎಳ್ಕೋ ಅನ್ನುತ್ತಾರೆ.

ನಿಟ್ಟುಸಿರು ಅಂದಾಗ ನೆನಪಾಯಿತು. ಆರಾಮಾಗಿರುವ ಮನುಷ್ಯನೂ ಸುಮಾರು ಐದು ನಿಮಿಷಕ್ಕೊಮ್ಮೆ ತನಗೇ ಗೊತ್ತಿಲ್ಲದೆ ಒಂದು ಆಳದ ಉಸಿರು ತೆಗೆದುಕೊಂಡು ನಿಟ್ಟುಸಿರು ಬಿಡುತ್ತಾನಂತೆ. ಶ್ವಾಸಕೋಶದೊಳಗಿನ ಮುದುಡಿದ ಪುಟ್ಟ ಗಾಳಿಗೂಡುಗಳು ಅದರಿಂದ ಮತ್ತೆ ಅರಳುತ್ತವೆ. ಅಂದರೆ ನಾನು ಹತ್ತು ಸಲ ಎಳೆದು ಹುಡುಕುವ ಆ "ಟಕ್" ಕೇಳದೆಯೇ ಸಿಗುವಂಥದ್ದು. ಕಾವಲು ಕಾಯುತ್ತಾ ಕೂತರೆ ಬರುವುದಿಲ್ಲ, ನಿದ್ದೆಯ ಹಾಗೆ. ಇದು ತಲೆಗೆ ಹೋದ ಮೇಲೆ ನನಗೆ ಸ್ವಲ್ಪ ವಾಸಿ. ಬಂದಾಗ ಭುಜ ಕೆಳಗೆ ಬಿಡುತ್ತೇನೆ. ಮೂಗಿನಿಂದ ಚೂರೇ ಚೂರು ಗಾಳಿ. ಆಮೇಲೆ ತುಟಿ ಸಣ್ಣಗೆ ಮಾಡಿ, ಬಿಸಿಯದನ್ನು ಆರಿಸುವ ಹಾಗೆ, ಉದ್ದಕ್ಕೆ ಊದುತ್ತಾ ಬಿಡುತ್ತೇನೆ. ಯಾರೂ ಇಲ್ಲದಿದ್ದರೆ ಗುನುಗುತ್ತೇನೆ, ಗುನುಗುವಾಗ ಉಸಿರು ತಾನಾಗಿ ಉದ್ದ ಆಗುತ್ತದೆ. ಕೆಲವು ದಿನ ಇದ್ಯಾವುದೂ ಕೆಲಸ ಮಾಡುವುದಿಲ್ಲ. ಆ ದಿನ ಅರ್ಧ ಆಕಳಿಕೆಯನ್ನೇ ಇಟ್ಟುಕೊಂಡು ಬಟ್ಟೆ ಮಡಚುತ್ತೇನೆ.

ಇನ್ನೂ ಒಂದು ಇದೆ, ಬರೆಯಲೋ ಬೇಡವೋ ಅಂತ ನೋಡಿದೆ. ಹೋದ ತಿಂಗಳು ಮಗಳು ಪರೀಕ್ಷೆಯ ಹಿಂದಿನ ರಾತ್ರಿ ಅಳುತ್ತಾ ಬಿಕ್ಕುತ್ತಾ ಬಂದಳು. ನಾನು ಏನಂದೆ ಗೊತ್ತಾ? "ಉಸಿರು ಎಳ್ಕೋ ಪುಟ್ಟಿ, ಜೋರಾಗಿ ಎಳ್ಕೋ." ನಾನೇ! ಬಾಯಿಗೆ ಅಷ್ಟು ಸಲೀಸಾಗಿ ಬಂತು. ಹಾಗಾಗಿ ಆ ಆರು ಜನರನ್ನು ಜಾಸ್ತಿ ಬೈಯುವ ಯೋಗ್ಯತೆ ನನಗಿಲ್ಲ. ಆದರೂ ಬೈಯುತ್ತೇನೆ.

ಕೊನೆಗೆ ತಡೆಯಲಾಗದೆ ಎದ್ದು ಹೋದೆ. ಹುಡುಗನ ಎದುರು ಕೂತು, "ತಮ್ಮಾ, ಎಳ್ಕೋಬೇಡ. ಬಿಡು. ಬರೀ ಬಿಡು ಸಾಕು, ಒಳಗೆ ಬರೋದು ತಾನಾಗಿ ಬರುತ್ತೆ" ಅಂದೆ. ಹುಡುಗ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. ಕಾಗದದ ಚೀಲದವರು ಕೇಳಿದರು, "ಏನ್ರೀ ಮೇಡಂ, ನೀವು ಡಾಕ್ಟ್ರಾ?"

"ಅಲ್ಲ, ಪೇಷೆಂಟು" ಅಂದೆ.

ನಾನು ತುಟಿ ಸಣ್ಣಗೆ ಮಾಡಿ ಊದಿ ತೋರಿಸಿದೆ. ಅವನೂ ಊದಿದ. ಮೊದಲು ಎರಡು ಎಣಿಸುವಷ್ಟು, ಆಮೇಲೆ ಮೂರು, ಆಮೇಲೆ ಐದು. ನಡುವೆ ಎರಡು ಸಲ ಮತ್ತೆ ಎಳೆಯಲು ಹೋದ, ಕೈ ಹಿಡಿದು "ಬಿಡು" ಅಂದೆ. ಎಷ್ಟು ಹೊತ್ತಾಯಿತೋ. ಅವನ ಭುಜ ಇಳಿಯಿತು. ಒಳಗಿನಿಂದ ಕರೆದರು, ತಾಯಿ ಅವನನ್ನು ಕರೆದುಕೊಂಡು ಹೋದರು. ತಿರುಗಿ ನೋಡಲಿಲ್ಲ, ಇರಲಿ.

ನನ್ನ ಜಾಗಕ್ಕೆ ಬಂದು ಕೂತ ಮೇಲೆ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ಆಗಿತ್ತು. ಆ ಇಪ್ಪತ್ತು ನಿಮಿಷ ನನ್ನ ಉಸಿರು ಎಲ್ಲಿತ್ತು, ಹೇಗಿತ್ತು, ನನಗೆ ನೆನಪೇ ಇಲ್ಲ. ಅಯ್ಯೋ, ನೆನಪೇ ಇರಲಿಲ್ಲವಲ್ಲ ಅಂತ ಖುಷಿಯಾಗಿ ಒಂದು ಸಲ ಎಳೆದು ನೋಡಿದೆ. ಅರ್ಧಕ್ಕೇ ನಿಂತಿತು.